ಹನ್ನೊಂದು ಸಲ ಕರೆದರೂ ಬಾಬ್‌ಕ್ಯಾಟ್ ಬರಲಿಲ್ಲ, ಯಾವ ಸದ್ದು ಹಾಕಬೇಕು?

ಕೋವಿಮನೆ_ಆಸ್ಟಿನ್ · ಜನವರಿ 19, ರಾತ್ರಿ 10:40

ಎರಡು ಚಳಿಗಾಲ ಕಳೆದರೂ ನನ್ನ ಬೇಟೆಗೆ ಮೊದಲ ಬಾಬ್‌ಕ್ಯಾಟ್ (ಇಲ್ಲಿನ ಕಾಡುಬೆಕ್ಕು) ಒಲಿದಿಲ್ಲ, ಆದ್ದರಿಂದ ಬಲ್ಲವರನ್ನೇ ಕೇಳೋಣವೆಂದು ಬರೆಯುತ್ತಿದ್ದೇನೆ. ಟೆಕ್ಸಾಸಿನ ಜಂಕ್ಷನ್ ಊರಿನಿಂದಾಚೆ, ಸೌತ್ ಲಾನೋ ನದಿಗೆ ಸೇರುವ ಒಂದು ಒಣಹಳ್ಳದ ಪಕ್ಕದ ರಾಂಚನ್ನು ನಾವು ಮೂವರು ಗೆಳೆಯರು ಲೀಸಿಗೆ ಹಿಡಿದಿದ್ದೇವೆ. ಈ ತಿಂಗಳೊಂದರಲ್ಲೇ ಹನ್ನೊಂದು ಸಲ ಕಾಲರ್ (ಪ್ರಾಣಿಗಳ ಕೂಗು ಹೊರಡಿಸಿ ಬೇಟೆಯನ್ನು ಕರೆಯುವ ಯಂತ್ರ) ಇಟ್ಟು ಕೂತಿದ್ದೇನೆ. ನಾಲ್ಕು ಕಯೋಟಿ (ತೋಳದ ಜಾತಿಯ ಸಣ್ಣ ಪ್ರಾಣಿ) ಬಂದವು, ಎರಡು ಬೂದುನರಿ ಬಂದವು, ಬೆಕ್ಕು ಮಾತ್ರ ಬರಲಿಲ್ಲ. ಇಲ್ಲಿ ಬೆಕ್ಕೇ ಇಲ್ಲವೆನ್ನುವಂತಿಲ್ಲ, ಏಕೆಂದರೆ ಜಿಂಕೆಗೆ ಮೆಕ್ಕೆಜೋಳ ಸುರಿಯುವ ಫೀಡರ್ ಬಳಿ ಕಟ್ಟಿರುವ ಕ್ಯಾಮೆರಾದಲ್ಲಿ ಅದು ವಾರಕ್ಕೆ ಎರಡು ಸಲವಾದರೂ ಹಾದುಹೋಗುತ್ತದೆ. ಗಾಳಿ ನೋಡಿಕೊಂಡೇ ಕೂರುತ್ತೇನೆ, ಕಾಟನ್‌ಟೇಲ್ ಮೊಲದ ಆರ್ತನಾದ ಹಾಕುತ್ತೇನೆ, ಉಳಿದದ್ದೆಲ್ಲ ಎಲ್ಲರೂ ಮಾಡುವಂತೆಯೇ. ಯಾವ ಸದ್ದಿಗೆ ಬೆಕ್ಕು ಬರುತ್ತದೆ ಎಂಬುದನ್ನಷ್ಟೇ ದಯವಿಟ್ಟು ತಿಳಿಸಿ.

ಗಾಳಿಮುಖ_ಲಬಕ್ · ಜನವರಿ 19, ರಾತ್ರಿ 11:15

ಸದ್ದಿನ ತಪ್ಪಲ್ಲ, ಗಾಳಿಯ ತಪ್ಪು. ಗಾಳಿ ನೋಡಿಕೊಂಡು ಕೂತೆ ಎಂದು ಎಲ್ಲರೂ ಬರೆಯುತ್ತಾರೆ, ಆದರೆ ನೀವಿರುವ ಕಡೆ ಹಳ್ಳದ ತಗ್ಗಿನಲ್ಲಿ ಬೆಳಗಿನ ತಣ್ಣನೆಯ ಗಾಳಿ ಕೆಳಗೆ ಹರಿದು, ಬಿಸಿಲೇರಿದ ಮೇಲೆ ಅದೇ ಗಾಳಿ ಮೇಲಕ್ಕೆ ತಿರುಗುತ್ತದೆ. ಒಂದು ಸಣ್ಣ ಡಬ್ಬಿಯಲ್ಲಿ ಪೌಡರ್ ಇಟ್ಟುಕೊಂಡು ಐದು ನಿಮಿಷಕ್ಕೊಮ್ಮೆ ಹಾರಿಸಿ ನೋಡಿದ್ದೀರಾ? ನೋಡಿಲ್ಲವಾದರೆ ನಿಮಗೆ ಗಾಳಿಯ ವಿಷಯ ಗೊತ್ತಿಲ್ಲವೆಂದೇ ಲೆಕ್ಕ.

ಮರಸು_ಕೆರ್ವಿಲ್ · ಜನವರಿ 20, ಬೆಳಿಗ್ಗೆ 6:05

ಉತ್ತರಿಸುವ ಮೊದಲು ನಾಲ್ಕು ಸಂಗತಿಗಳು ತಿಳಿಯಬೇಕು. ಒಂದೊಂದು ಸಲ ಎಷ್ಟು ನಿಮಿಷ ಕೂರುತ್ತೀರಿ? ಕಾಲರ್ ನಿಮ್ಮಿಂದ ಎಷ್ಟು ದೂರದಲ್ಲಿರುತ್ತದೆ? ಅದರ ಪಕ್ಕದಲ್ಲಿ ಅಲುಗಾಡಿ ಕಣ್ಣು ಸೆಳೆಯುವ ಡಿಕಾಯ್ (ನಕಲಿ ಬೇಟೆ) ಇದೆಯೇ? ನೀವು ಕೂರುವ ಜಾಗದಿಂದ ಬಯಲು ಕಾಣುತ್ತದೆಯೇ, ಪೊದೆ ಕಾಣುತ್ತದೆಯೇ? ಇವನ್ನು ಬಿಟ್ಟು ಬರೆದಿದ್ದೀರಿ, ಉತ್ತರ ಇರುವುದು ಇವುಗಳಲ್ಲಿಯೇ ಎಂದು ನನ್ನ ಊಹೆ.

ಗಾಳಿಮುಖ_ಲಬಕ್ · ಜನವರಿ 20, ಬೆಳಿಗ್ಗೆ 7:30

ಇವೆಲ್ಲ ಆಮೇಲಿನ ಮಾತು. ಮೊದಲು ಪೌಡರ್ ಹಾರಿಸಿ ನೋಡಲಿ. ನಾನು ಕಳೆದುಕೊಂಡ ಪ್ರತಿಯೊಂದು ಪ್ರಾಣಿಯನ್ನೂ ಗಾಳಿಯಿಂದಲೇ ಕಳೆದುಕೊಂಡಿದ್ದೇನೆ.

ಮರಸು_ಕೆರ್ವಿಲ್ · ಜನವರಿ 20, ಬೆಳಿಗ್ಗೆ 7:52

ನೀವು ಕಳೆದುಕೊಂಡದ್ದು ಕಯೋಟಿಗಳನ್ನಾಗಿರಬೇಕು. ಕಯೋಟಿ ಮೂಗನ್ನು ನಂಬಿ ಬದುಕುವ ಪ್ರಾಣಿ, ಕರೆ ಕೇಳಿದೊಡನೆ ಸುತ್ತುಹಾಕಿ ಗಾಳಿಯ ಕೆಳಬದಿಗೆ ಬರುತ್ತದೆ. ಬೆಕ್ಕು ಕಣ್ಣು ಕಿವಿಗಳನ್ನು ನಂಬುತ್ತದೆ. ಬೆಕ್ಕಿಗೆ ಮೂಗೇ ಇಲ್ಲವೆಂದು ನಾನು ಹೇಳುತ್ತಿಲ್ಲ, ಆದರೆ ಹನ್ನೊಂದಕ್ಕೆ ಹನ್ನೊಂದು ಸಲವೂ ಗಾಳಿಯೇ ಕೆಡಿಸಿತೆಂದರೆ ಒಪ್ಪಲಾರೆ. ಅದೇ ಗಾಳಿಯಲ್ಲಿ ಅವರಿಗೆ ನಾಲ್ಕು ಕಯೋಟಿ ಬಂದಿವೆಯಲ್ಲ!

ಇರುಳುಗಣ್ಣು_ಮಿಡ್‌ಲೆಂಡ್ · ಜನವರಿ 20, ಮಧ್ಯಾಹ್ನ 1:20

ಹಗಲಿನಲ್ಲಿ ಕೂರುವುದನ್ನೇ ಬಿಡಿ. ನಾನು ಹೋದ ವರ್ಷ ಮೈಶಾಖದಿಂದ ಪ್ರಾಣಿಯನ್ನು ಕತ್ತಲಲ್ಲೂ ತೋರಿಸುವ, 640 ಸೆನ್ಸರಿನ ಥರ್ಮಲ್ ಸ್ಕೋಪ್ ಕೊಂಡು 6.5 ಗ್ರೆಂಡೆಲ್ ರೈಫಲ್ಲಿಗೆ ಏರಿಸಿದೆ, ಕಾರ್ಬನ್ ಫೈಬರ್ ಟ್ರೈಪಾಡಿಗೆ ಬಾಲ್ ಹೆಡ್ ಹಾಕಿಸಿದೆ, ಸುತ್ತ ನೋಡುವುದಕ್ಕೆ ಕೈಯಲ್ಲಿ ಹಿಡಿಯುವ ಥರ್ಮಲ್ ಬೇರೆಯೇ ಇದೆ. ಮುನ್ನೂರು ಗಜ ದೂರದ ಮೊಲವೂ ಬೆಳ್ಳಗೆ ಕಾಣುತ್ತದೆ. ಟ್ರಕ್ಕಿನ ಹಿಂಬದಿಯಲ್ಲಿ ತಿರುಗುವ ಕುರ್ಚಿಯನ್ನೂ ಕೂರಿಸಿದ್ದೇನೆ. ಚಿತ್ರ ಬೇಕಾದವರಿಗೆ ಕಳಿಸುತ್ತೇನೆ.

ಮರಸು_ಕೆರ್ವಿಲ್ · ಜನವರಿ 20, ಮಧ್ಯಾಹ್ನ 1:48

ಆ ವ್ಯವಸ್ಥೆಯಲ್ಲಿ ನೀವು ಎಷ್ಟು ಬಾಬ್‌ಕ್ಯಾಟ್ ಹೊಡೆದಿದ್ದೀರಿ ಎಂಬುದನ್ನೂ ಬರೆದರೆ ಪ್ರಶ್ನೆ ಕೇಳಿದವರಿಗೆ ಉಪಯೋಗವಾಗುತ್ತದೆ. ಮೊದಲ ಬೆಕ್ಕನ್ನು ಹಗಲಿನಲ್ಲಿ ಕಣ್ಣಾರೆ ನೋಡಿ ಗುರುತಿಸುವುದು ಕ್ಷೇಮ ಎಂದು ನಾನು ನಂಬುತ್ತೇನೆ. ಥರ್ಮಲ್ಲಿನಲ್ಲಿ ಪೊದೆಯ ಹಿಂದೆ ಕೂತ ಪ್ರಾಣಿ ಬರಿಯ ಬಿಳಿ ಮುದ್ದೆಯಾಗಿ ಕಾಣುತ್ತದೆ, ಅದು ಪಕ್ಕದ ರಾಂಚಿನ ನಾಯಿಯೂ ಆಗಿರಬಹುದು.

ಸಿಯೆರಾ_ಕನ್ನಡಿಗ · ಜನವರಿ 20, ಸಂಜೆ 6:10

ಬಾಬ್‌ಕ್ಯಾಟ್ ಬೇಟೆ ಕಾನೂನುಬಾಹಿರವಲ್ಲವೇ? ಇಲ್ಲಿ ಸ್ಯಾಕ್ರಮೆಂಟೊದಲ್ಲಿ ಇದರ ಮಾತೆತ್ತಿದರೆ ದಂಡ ಗ್ಯಾರಂಟಿ ಎನ್ನುತ್ತಾರೆ. ಎಲ್ಲರೂ ಸಿಕ್ಕಿಬೀಳುವ ಮೊದಲು ಈ ಚರ್ಚೆಯನ್ನು ನಿಲ್ಲಿಸಬೇಕು.

ಲೈಸೆನ್ಸ್_ಡಲ್ಲಾಸ್ · ಜನವರಿ 20, ರಾತ್ರಿ 8:25

ಕ್ಯಾಲಿಫೋರ್ನಿಯಾದಲ್ಲಿ 2019ರಲ್ಲಿ ಆದ ಕಾನೂನಿನಂತೆ 2020ರ ಜನವರಿಯಿಂದ ಈ ಬೇಟೆ ನಿಂತಿತು, ಅದು ನಿಜ. ಆದರೆ ರಾಜ್ಯಕ್ಕೊಂದು ನಿಯಮವಿದೆ, ಟೆಕ್ಸಾಸಿನಲ್ಲಿ ಬಾಬ್‌ಕ್ಯಾಟಿಗೆ ನಿಷಿದ್ಧ ಕಾಲವಿಲ್ಲ. ಬೇಟೆಯ ಲೈಸೆನ್ಸ್ ಮತ್ತು ಜಮೀನಿನ ಮಾಲೀಕರ ಒಪ್ಪಿಗೆ ಬೇಕು, 1971ರ ಸೆಪ್ಟೆಂಬರ್ 2ರಂದು ಅಥವಾ ಅನಂತರ ಹುಟ್ಟಿದವರು ಹಂಟರ್ ಎಜುಕೇಶನ್ ಮುಗಿಸಿರಬೇಕು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಪ್ರಶ್ನೆ ಕೇಳಿದವರು ಎಚ್-1ಬಿ ವೀಸಾದಲ್ಲಿದ್ದರೆ, ಕೇಂದ್ರ ಕಾನೂನಿನಂತೆ ಅವರು ಬಂದೂಕು ಹಿಡಿಯುವುದೇ ಅಪರಾಧ. ಅಮೆರಿಕದ ಯಾವುದಾದರೊಂದು ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆಯ ಲೈಸೆನ್ಸ್ ಹೊಂದಿದ್ದರೆ ಮಾತ್ರ ಅದರಿಂದ ವಿನಾಯಿತಿ. ಟೆಕ್ಸಾಸಿನ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಸೆಪ್ಟೆಂಬರಿನಲ್ಲಿ ಹೊಸದನ್ನು ಪಡೆಯುವುದನ್ನು ಮರೆತು ಕೋವಿಯನ್ನು ಮನೆಯಲ್ಲಿ ಇಟ್ಟುಕೊಂಡರೂ ತೊಂದರೆಯೇ. ನಮ್ಮವರಲ್ಲಿ ಬಹಳ ಜನಕ್ಕೆ ಇದು ತಿಳಿದಿಲ್ಲ, ಆದ್ದರಿಂದ ವಿಷಯ ಬದಲಾಯಿತೆಂದು ಯಾರೂ ಬೇಸರಿಸಬಾರದು.

ಕೋವಿಮನೆ_ಆಸ್ಟಿನ್ · ಜನವರಿ 20, ರಾತ್ರಿ 9:55

ನಾನು ಎಚ್-1ಬಿಯಲ್ಲಿಯೇ ಇದ್ದೇನೆ, ಲೈಸೆನ್ಸ್ ಸೆಪ್ಟೆಂಬರಿನಲ್ಲೇ ಪಡೆದಿದ್ದೇನೆ, ಅದರ ಪ್ರತಿ ಸದಾ ಜೇಬಿನಲ್ಲಿರುತ್ತದೆ. ನಮ್ಮದು ಕೊಡಗು. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜಿಸುವ ಮನೆಯಲ್ಲಿ ಬೆಳೆದರೂ, ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ನಾನು ಊರಿನಲ್ಲಿ ಬೇಟೆಯಾಡಿದವನಲ್ಲ. ಕಲಿತದ್ದೆಲ್ಲ ಇಲ್ಲಿ, ಅದೂ ಕಯೋಟಿಗಳ ಮೇಲೆ.

ಮರಸು ಅವರ ಪ್ರಶ್ನೆಗಳಿಗೆ ಉತ್ತರ: ಹದಿನೈದು ನಿಮಿಷ ಕೂರುತ್ತೇನೆ, ಏನೂ ಬಾರದಿದ್ದರೆ ಇನ್ನೈದು ನಿಮಿಷ ನೋಡಿ ಬೇರೆ ಜಾಗಕ್ಕೆ ಹೋಗುತ್ತೇನೆ. ಕಾಲರನ್ನು ನನ್ನ ಪಕ್ಕದ ಕಲ್ಲಿನ ಮೇಲೆಯೇ ಇಡುತ್ತೇನೆ, ಏಕೆಂದರೆ ಅದರ ರಿಮೋಟ್ ಕೆಟ್ಟಿದೆ. ಎರಡು ನಿಮಿಷ ಕೂಗಿಸಿ ಮೂರು ನಿಮಿಷ ನಿಲ್ಲಿಸುತ್ತೇನೆ. ಡಿಕಾಯ್ ಇಲ್ಲ. ದಿಣ್ಣೆಯ ಮೇಲೆ ಕೂತರೆ ಮುಂದಿನ ಹುಲ್ಲುಗಾವಲೆಲ್ಲ ಕಾಣುತ್ತದೆ.

ಮರಸು_ಕೆರ್ವಿಲ್ · ಜನವರಿ 21, ಬೆಳಿಗ್ಗೆ 5:50

ರಿಮೋಟ್ ಕೆಟ್ಟದ್ದನ್ನು ಮೊದಲೇ ಬರೆಯಬೇಕಿತ್ತು. ನೀವು ಕಯೋಟಿಗೆ ಕೂತಿದ್ದೀರಿ, ಆದ್ದರಿಂದಲೇ ಕಯೋಟಿ ಬಂದಿವೆ.

ಕಯೋಟಿ ಓಡಿ ಬರುತ್ತದೆ. ಬೆಕ್ಕು ಹತ್ತು ಹೆಜ್ಜೆ ಇಟ್ಟು ಕೂರುತ್ತದೆ, ನೋಡುತ್ತದೆ, ಮತ್ತೆ ಒಂದು ಪೊದೆಯಿಂದ ಇನ್ನೊಂದು ಪೊದೆಗೆ ನುಸುಳುತ್ತದೆ, ಅದಕ್ಕೆ ನಲವತ್ತು ನಿಮಿಷ ಹಿಡಿದರೆ ಅಚ್ಚರಿಯಿಲ್ಲ. ನೀವು ಎದ್ದು ಹೋಗುವ ಹೊತ್ತಿಗೆ ಅದು ಅರ್ಧ ದಾರಿಯಲ್ಲಿರುತ್ತದೆ. ಕೂಗು ನಿಂತರೆ ಅದರ ಆಸಕ್ತಿಯೂ ಅಲ್ಲಿಗೇ ನಿಲ್ಲುತ್ತದೆ, ಹಾಗಾಗಿ ಬೆಕ್ಕಿಗೆ ಕರೆಯುವಾಗ ಸದ್ದು ಎಡೆಬಿಡದೆ ಇರಬೇಕು, ಮೊದಲು ಮೆಲ್ಲಗೆ ಆರಂಭಿಸಿ ಆಮೇಲೆ ಸ್ವಲ್ಪ ಏರಿಸಿದರೆ ಸಾಕು. ಮೊಲದ ಸದ್ದು ಕೆಟ್ಟದ್ದಲ್ಲ, ಆದರೂ ಕಯೋಟಿಗಳು ಮೊದಲು ನುಗ್ಗಿ ಕೆಲಸ ಕೆಡಿಸಬಾರದೆಂದು ನಾನು ಮರಕುಟಿಗದ ಚೀರಾಟವನ್ನೋ ಇಲಿಯ ಕೀಚಲನ್ನೋ ಹಾಕುತ್ತೇನೆ. ಮುಖ್ಯವಾದದ್ದು ಕಾಲರ್ ಇರುವ ಜಾಗ. ಬೆಕ್ಕು ಸದ್ದಿನ ಮೂಲವನ್ನೇ ದಿಟ್ಟಿಸುತ್ತದೆ. ಆ ಮೂಲ ನಿಮ್ಮ ಮಗ್ಗುಲಲ್ಲಿದ್ದರೆ ನೀವು ರೆಪ್ಪೆ ಬಡಿದರೂ ಅದಕ್ಕೆ ಕಾಣುತ್ತದೆ. ಮೂವತ್ತು ನಲವತ್ತು ಗಜ ಮುಂದೆ, ಸೀಡರ್ ಪೊದೆಗಳ ಅಂಚಿನಲ್ಲಿ ಇಟ್ಟು, ಪಕ್ಕದ ಕಡ್ಡಿಗೆ ದಾರದಲ್ಲಿ ಒಂದು ಟರ್ಕಿ ಗರಿ ಕಟ್ಟಿ. ಗಾಳಿಗೆ ಆ ಗರಿ ಹೊರಳುತ್ತಿದ್ದರೆ ಬೆಕ್ಕಿನ ಕಣ್ಣು ಅಲ್ಲೇ ನೆಟ್ಟಿರುತ್ತದೆ. ದಿಣ್ಣೆ ಬಿಟ್ಟು ಹಳ್ಳಕ್ಕೆ ಇಳಿಯಿರಿ, ಬಯಲನ್ನು ದಾಟಿ ಬರುವ ಬೆಕ್ಕು ಅಪರೂಪ.

ಗಾಳಿಮುಖ_ಲಬಕ್ · ಜನವರಿ 21, ಬೆಳಿಗ್ಗೆ 8:10

ಹಳ್ಳದ ತಗ್ಗಿನಲ್ಲಿ ಗಾಳಿ ಇನ್ನೂ ಹೆಚ್ಚು ತಿರುಗುತ್ತದೆ. ನನ್ನ ಮಾತು ಬರೆದಿಟ್ಟುಕೊಳ್ಳಿ.

ಕೋವಿಮನೆ_ಆಸ್ಟಿನ್ · ಜನವರಿ 25, ರಾತ್ರಿ 9:30

ಶನಿವಾರ ಕೂರುವ ಮೊದಲು ನನ್ನ ಹಳೆಯ ಜಾಗವನ್ನು ನೋಡಲು ದಿಣ್ಣೆಯ ಹಿಂಬದಿಗೆ ಹೋದೆ. ನಾನು ಕೂರುತ್ತಿದ್ದ ಕಲ್ಲಿನಿಂದ ಇಪ್ಪತ್ತು ಹೆಜ್ಜೆ ಹಿಂದೆ, ಪಾಪಾಸುಕಳ್ಳಿಯ ಬುಡದ ಹಸಿ ಮರಳಿನಲ್ಲಿ ಹೆಜ್ಜೆಗಳಿದ್ದವು. ದುಂಡಗೆ, ಎರಡು ಅಂಗುಲ ಅಗಲ, ಉಗುರಿನ ಗುರುತಿಲ್ಲ, ಹಿಮ್ಮಡಿಯ ಮೆತ್ತೆಯ ಹಿಂದಿನ ಅಂಚಿನಲ್ಲಿ ಮೂರು ಉಬ್ಬುಗಳು ಅಚ್ಚೊತ್ತಿದಂತೆ ಬಿದ್ದಿದ್ದವು. ಅದು ಬಂದು ಅಲ್ಲಿ ಕೂತು ನನ್ನ ಬೆನ್ನನ್ನೇ ನೋಡಿ ಹೋಗಿದೆ. ಅದನ್ನು ನೋಡಿ ನನಗಾದ ಸಂಕಟವನ್ನು ಹೇಳಲಾರೆ.

ಭಾನುವಾರ ಗೆಳೆಯರ ಕಾಲರ್ ಎರವಲು ಪಡೆದು, ಸೂರ್ಯ ಹುಟ್ಟುವ ಮೊದಲೇ ಹಳ್ಳಕ್ಕೆ ಇಳಿದು, ಓಕ್ ಮರದ ಬುಡಕ್ಕೆ ಒರಗಿ ಕೂತೆ. ಗರಿ ಕಟ್ಟಿದೆ, ಮರಕುಟಿಗದ ಸದ್ದನ್ನು ನಿಲ್ಲಿಸದೆ ಹಾಕಿದೆ. ಇಪ್ಪತ್ತನೆಯ ನಿಮಿಷಕ್ಕೆ ಏಳಬೇಕೆನಿಸಿತು, ಮೂವತ್ತಕ್ಕೆ ಕಾಲು ಜೋಮು ಹಿಡಿಯಿತು. ನಲವತ್ತೊಂದನೆಯ ನಿಮಿಷದಲ್ಲಿ ನೋಡುತ್ತೇನೆ, ಅಲ್ಲಿಯವರೆಗೆ ನೆರಳೆಂದುಕೊಂಡಿದ್ದ ಸೀಡರ್ ಬುಡದಲ್ಲಿ ಎರಡು ಕಿವಿಗಳಿವೆ. ಅದು ಬಂದದ್ದನ್ನು ನಾನು ನೋಡಲೇ ಇಲ್ಲ, ಎಷ್ಟು ಹೊತ್ತಿನಿಂದ ಅಲ್ಲಿ ಕೂತಿತ್ತೋ. ಅದು ತಲೆ ತಿರುಗಿಸಿದಾಗ ಕಿವಿಯ ಹಿಂಬದಿಯ ಬಿಳಿಯ ಮಚ್ಚೆ ಹೊಳೆಯಿತು. ಅದರ ಕಣ್ಣು ಗರಿಯ ಮೇಲೆಯೇ ಇದ್ದುದರಿಂದ ರೈಫಲ್ ಎತ್ತಲು ಸಾಧ್ಯವಾಯಿತು. ಐವತ್ತು ಗಜ, .223 ರೈಫಲ್, ಎದೆಗೆ ಒಂದೇ ಈಡು, ಬಿದ್ದಲ್ಲಿಂದ ಅಲುಗಲಿಲ್ಲ. ಗಂಡು, ರಾಂಚಿನ ತಕ್ಕಡಿಯಲ್ಲಿ ಒಂಬತ್ತೂವರೆ ಕಿಲೋ.

ಒಂದು ಕೊನೆಯ ಪ್ರಶ್ನೆ: ಚರ್ಮವನ್ನು ಹದಮಾಡಿಸಿ ಊರಿನ ಮನೆಗೆ ಒಯ್ಯಬಹುದೇ?

ಗಾಳಿಮುಖ_ಲಬಕ್ · ಜನವರಿ 25, ರಾತ್ರಿ 9:48

ಅಭಿನಂದನೆಗಳು. ಗಾಳಿ ಯಾವ ಕಡೆಯಿಂದ ಇತ್ತು?

ಕೋವಿಮನೆ_ಆಸ್ಟಿನ್ · ಜನವರಿ 25, ರಾತ್ರಿ 10:02

ಪೌಡರ್ ಹಾರಿಸಿ ನೋಡಿದ್ದೆ. ಮೊದಲು ಅಡ್ಡಗಾಳಿ, ಬಿಸಿಲು ಬಿದ್ದ ಮೇಲೆ ನನ್ನ ಬೆನ್ನಿನಿಂದ ನೇರವಾಗಿ ಅದರ ಕಡೆಗೇ ಇತ್ತು. ಆದರೂ ಅದು ಕೂತ ಜಾಗದಿಂದ ಏಳಲಿಲ್ಲ.

ಲೈಸೆನ್ಸ್_ಡಲ್ಲಾಸ್ · ಜನವರಿ 26, ಬೆಳಿಗ್ಗೆ 7:15

ಬಾಬ್‌ಕ್ಯಾಟ್ 1977ರಿಂದ, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಚರ್ಮವನ್ನು ಮಾರಬೇಕಾದರೂ ಟೆಕ್ಸಾಸಿನಿಂದ ಹೊರಗೆ ಒಯ್ಯಬೇಕಾದರೂ ಅದಕ್ಕೆ ಸೈಟಿಸ್ ಟ್ಯಾಗ್ ಹಾಕಿಸಿರಬೇಕು, ದೇಶದಾಚೆಗೆ ಒಯ್ಯಲು ರಫ್ತಿನ ಅನುಮತಿ ಬೇಕು, ಭಾರತದ ಕಡೆಯ ಒಪ್ಪಿಗೆಯೂ ಬೇಕು. ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗುವ ಯೋಚನೆಯನ್ನು ದಯವಿಟ್ಟು ಮಾಡಬೇಡಿ. ಚರ್ಮ ಆಸ್ಟಿನ್ನಿನ ಗೋಡೆಯ ಮೇಲಿರಲಿ, ಊರಿಗೆ ಫೋಟೋ ಕಳಿಸಿ.

ಮರಸು_ಕೆರ್ವಿಲ್ · ಜನವರಿ 26, ಬೆಳಿಗ್ಗೆ 7:40

ಸುಲಿಯುವಾಗ ಕೈಗವಸು ಹಾಕಿಕೊಳ್ಳಿ, ಚಿಗಟಗಳಿರುತ್ತವೆ. ಚರ್ಮಕ್ಕೆ ಅಂಟಿದ ಕೊಬ್ಬನ್ನು ಇವತ್ತೇ ಪೂರ್ತಿ ಕೆರೆದು ತೆಗೆಯಿರಿ. ಹದಮಾಡುವವರ ಬಳಿ ಇವತ್ತೇ ಹೋಗಲಾಗದಿದ್ದರೆ ಸಡಿಲವಾಗಿ ಸುತ್ತಿ ಚೀಲದಲ್ಲಿಟ್ಟು ಫ್ರೀಜರಿನಲ್ಲಿಡಿ.