ಹೊಸ ಮನೆಯ ಹಿತ್ತಲಿಗೆ ಮಲ್ಲಿಕಾ ಮಾವು: ಗುಂಡಿ ಎಷ್ಟು, ಗೊಬ್ಬರ ಎಷ್ಟು?

ಹಿತ್ತಲು_ತುಮಕೂರು
ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ 15×20 ಅಡಿ ಜಾಗ ಇದೆ, ಒಂದು ಮಲ್ಲಿಕಾ ಕಸಿ ಗಿಡ ನೆಡಬೇಕು. ಗಿಡ ಎರಡೂವರೆ ಅಡಿ ಎತ್ತರ, ಇನ್ನೂ ಕಪ್ಪು ಕವರ್‌ನಲ್ಲೇ ಇದೆ. ಅಗೆದರೆ ಮೊದಲ ಒಂದಡಿ ಬರೀ ಇಟ್ಟಿಗೆ ಚೂರು, ಗಾರೆ, ಸಿಮೆಂಟ್ ಹೆಂಟೆ. ಅದರಡಿ ಕೆಂಪು ಮಣ್ಣು. ನರ್ಸರಿಯವರು 3 ಅಡಿ ಗುಂಡಿ ತೆಗೆದು ತಳಕ್ಕೆ ಜಲ್ಲಿ, ಮೇಲೆ ಪೂರ್ತಿ ಗೊಬ್ಬರ ತುಂಬಿ ಅಂತಾರೆ. ಸರಿನಾ? ಕಾಂಪೌಂಡಿನಿಂದ ಎಷ್ಟು ದೂರ ಬಿಡಬೇಕು? ಕಸಿ ಜಾಗಕ್ಕೆ ಸುತ್ತಿರೋ ಪ್ಲಾಸ್ಟಿಕ್ ಬಿಚ್ಚಬೇಕಾ?

ಕಸಿಚಾಕು
ಜಲ್ಲಿ ಬೇಡವೇ ಬೇಡ. ಮೇಲಿನ ಮಣ್ಣು ಪೂರ್ತಿ ನೆನೆದು ಜೌಗಾಗುವ ತನಕ ನೀರು ಜಲ್ಲಿಗೆ ಇಳಿಯುವುದಿಲ್ಲ. ಬಸಿಯಲಿ ಅಂತ ಹಾಕಿದ್ದೇ ಬೇರಿನ ಹತ್ತಿರ ತೇವ ನಿಲ್ಲಿಸುತ್ತೆ.

ಪೂರ್ತಿ ಗೊಬ್ಬರವೂ ಬೇಡ. ಗೊಬ್ಬರ ಕೊಳೆಯುತ್ತಾ ಕುಗ್ಗುತ್ತೆ, ಜೊತೆಗೆ ಗಿಡವೂ ಕೆಳಗಿಳಿಯುತ್ತೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಸಿ ಗಂಟು (ಕಸಿ ಕೂಡಿಸಿದ ಜಾಗ) ಮಣ್ಣೊಳಗೆ ಹೋಗಿ, ಸುತ್ತ ನೀರು ನಿಂತು, ಬುಡ ಕೊಳೆಯೋದು ಹೀಗೇ. ಹಿತ್ತಲ ಮಾವು ಸಾಯೋದಕ್ಕೆ ನೀರಿನ ಕೊರತೆಗಿಂತ ಇದೇ ದೊಡ್ಡ ಕಾರಣ ಅನ್ನೋದು ನನ್ನ ಅಭಿಪ್ರಾಯ.

ಮೊದಲು 4-5 ಅಡಿ ಅಗಲಕ್ಕೆ ಆ ಗಾರೆ, ಸಿಮೆಂಟ್ ಎಲ್ಲ ಆಚೆ ಹಾಕಿಸಿ. ಅದರ ಸುಣ್ಣದಿಂದ ಮಣ್ಣು ಕ್ಷಾರವಾದರೆ ಗಿಡಕ್ಕೆ ಕಬ್ಬಿಣದ ಅಂಶ ಸಿಗೋದಿಲ್ಲ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಕಂಡರೆ ಅದೇ ಅಂದುಕೊಳ್ಳಿ. ಆಗ ಎಷ್ಟು ಗೊಬ್ಬರ ಸುರಿದರೂ ವ್ಯರ್ಥ.

ಗುಂಡಿ 3 ಅಡಿ ಅಗಲ, 2 ಅಡಿ ಆಳ ಇದ್ದರೆ ಸಾಕು. ಕೆಂಪು ಮಣ್ಣು ಮೂರು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಬೇವಿನ ಹಿಂಡಿ 1 ಕೆಜಿ. ಹಸಿ ಸಗಣಿ ಹಾಕಿದರೆ ಗೆದ್ದಲಿಗೆ ಕರೆ ಕೊಟ್ಟ ಹಾಗೆ. ತುಂಬಿಸಿ, ನೀರು ಬಿಟ್ಟು, ಒಂದು ವಾರ ಕೂರಲು ಬಿಡಿ. ನೆಡುವ ದಿನ ನಡುವೆ ಬೇರುಂಡೆಯಷ್ಟೇ ಕುಳಿ ತೆಗೆಯಿರಿ. ಕವರ್ ಬ್ಲೇಡಿನಲ್ಲಿ ಸೀಳಿ, ಗಿಡವನ್ನು ಕಾಂಡ ಹಿಡಿದು ಎಳೆಯಬೇಡಿ, ಉಂಡೆಗೆ ಕೈ ಕೊಟ್ಟು ಎತ್ತಿ. ತಳದಲ್ಲಿ ಬೇರು ಚಕ್ಕುಲಿ ಥರ ಸುತ್ತಿಕೊಂಡಿದ್ದರೆ ಆ ಸುತ್ತನ್ನಷ್ಟೇ ಕತ್ತರಿಸಿ. ಉಂಡೆಯ ಮೇಲ್ಭಾಗ ನೆಲಕ್ಕಿಂತ 2 ಇಂಚು ಮೇಲಿರಲಿ, ಕಸಿ ಗಂಟು ಕನಿಷ್ಠ 5-6 ಇಂಚು ಮೇಲೆ.

ಪ್ಲಾಸ್ಟಿಕ್ ಬಿಚ್ಚಲೇಬೇಕು, ಆದರೆ ಕಸಿ ಕೂಡಿ, ಮೇಲಿನ ಚಿಗುರು ಬಲಿತ ಮೇಲೆ. ಸುರುಳಿ ಬಿಚ್ಚೋಕೆ ಹೋಗದೆ ಉದ್ದಕ್ಕೆ ಒಂದು ಗೀರು ಹಾಕಿ. ಬಿಟ್ಟರೆ ಕಾಂಡ ದಪ್ಪವಾದಾಗ ಅಲ್ಲೇ ಬಿಗಿದು, ಗಾಳಿಗೆ ಅದೇ ಜಾಗದಲ್ಲಿ ಮುರಿಯುತ್ತೆ.

ಪಾತಿಗುದ್ದಲಿ
ದೂರದ ಬಗ್ಗೆ ಯಾರೂ ಹೇಳಲಿಲ್ಲ. ಗೋಡೆಯಿಂದ 7-8 ಅಡಿ, ಅಂದರೆ ನಿಮ್ಮ ಜಾಗದ ಹೆಚ್ಚುಕಮ್ಮಿ ನಡುಮಧ್ಯ. ಸಂಪು, ಪಿಟ್ ಇದ್ದರೆ ಇನ್ನೂ ದೂರ. ಮೇಲೆ ಕರೆಂಟ್ ತಂತಿ ನೋಡಿಕೊಳ್ಳಿ. ಮಲ್ಲಿಕಾ ಸುಮ್ಮನೆ ಬಿಟ್ಟರೆ ಈ ಜಾಗ ಮೀರುತ್ತೆ. ಆದ್ದರಿಂದ ಬೇರೂರಿದ ಮೇಲೆ ಎರಡೂವರೆ-ಮೂರು ಅಡಿಯಲ್ಲಿ ತುದಿ ಚಿವುಟಿ, ಬೇರೆ ಬೇರೆ ದಿಕ್ಕಿನ ಮೂರು-ನಾಲ್ಕು ಕೊಂಬೆ ಉಳಿಸಿ, ಪ್ರತಿ ವರ್ಷ ಕಾಯಿ ಕಿತ್ತ ಕೂಡಲೇ ಸವರಿ. ಗಿಡ ಇನ್ನೂ ಕೊಂಡಿಲ್ಲದಿದ್ದರೆ ಆಮ್ರಪಾಲಿ ಅಂತಿದ್ದೆ. ಮಲ್ಲಿಕಾ ಥರ ಅದೂ ದಶೇರಿ, ನೀಲಂ ಮಾವುಗಳನ್ನು ಕೂಡಿಸಿದ ತಳಿಯೇ, ಆದರೆ ಗಿಡ್ಡ. ತೋಟಗಳಲ್ಲಿ 2.5 ಮೀಟರ್ ಅಂತರಕ್ಕೇ ಹಾಕುತ್ತಾರೆ.

ಕಸಿ ಗಂಟಿನ ಕೆಳಗೆ ಬರುವ ಚಿಗುರು ಕಂಡ ದಿನವೇ ತೆಗೆಯಿರಿ. ಅದು ಕಸಿಗೆ ಬುಡವಾಗಿ ಬಳಸಿದ ನಾಟಿ ಗಿಡದ್ದು. ಬಿಟ್ಟರೆ ಜೋರಾಗಿ ಬೆಳೆದು ಮೇಲಿನ ಮಲ್ಲಿಕಾವನ್ನೇ ಸೊರಗಿಸುತ್ತೆ. ಮೊದಲ ಎರಡು-ಮೂರು ವರ್ಷ ಹೂವನ್ನೂ ಕಿತ್ತುಬಿಡಿ, ಮನಸ್ಸು ಒಪ್ಪದಿದ್ದರೂ.

ಹಿತ್ತಲು_ತುಮಕೂರು
ಇಬ್ಬರಿಗೂ ಥ್ಯಾಂಕ್ಸ್. ಗುಂಡಿ ತೆಗೆಸಿದೆ. ನಿನ್ನೆ ಬೆಳಿಗ್ಗೆ ನೀರು ತುಂಬಿಸಿದ್ದು, ಇವತ್ತೂ ಅರ್ಧ ಅಡಿ ನಿಂತಿದೆ. ತಳದಲ್ಲಿ ಗರಸು ಥರ ಗಟ್ಟಿ ಪದರ. ಏನು ಮಾಡೋದು?

ಕಸಿಚಾಕು
ಹಾರೆಯಿಂದ ತಳವನ್ನು ನಾಲ್ಕೈದು ಕಡೆ ಒಂದಡಿ ಆಳಕ್ಕೆ ಕುಟ್ಟಿ ಬಿರುಕು ಬಿಡಿಸಿ, ಮತ್ತೆ ನೀರು ಹಾಕಿ ನೋಡಿ. ಅಷ್ಟಕ್ಕೂ ಇಳಿಯದಿದ್ದರೆ ಗುಂಡಿಯ ಆಸೆ ಬಿಡಿ, ದಿಬ್ಬದ ಮೇಲೆ ನೆಡಿ.

ಕಡಲತೀರ
ನಮ್ಮ ಕರಾವಳಿಯಲ್ಲಿ ದಿಬ್ಬವೇ ರೂಢಿ. 5 ಅಡಿ ಅಗಲ, ಒಂದು-ಒಂದೂವರೆ ಅಡಿ ಎತ್ತರ, ಅದೇ ಮಣ್ಣು-ಗೊಬ್ಬರದ ಮಿಶ್ರಣ. ಜಡಿಮಳೆಯಲ್ಲಿ ಮಣ್ಣು ಕೊಚ್ಚಿಹೋಗುವುದರಿಂದ ನಾವು ಮಳೆ ತಗ್ಗಿದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ ನೆಡುತ್ತೇವೆ. ನಿಮ್ಮ ಬಯಲುಸೀಮೆಯಲ್ಲಿ ಜೂನ್-ಜುಲೈಯೇ ಒಳ್ಳೆಯದು. ದಿಬ್ಬ ಬೇಗ ಒಣಗುತ್ತೆ. ಮೇಲೆ ಉಂಗುರದಂತೆ ಪಾತಿ ಕಟ್ಟಿ, ಮಳೆ ಇಲ್ಲದ ದಿನಗಳಲ್ಲಿ ಮೊದಲ ತಿಂಗಳು ಎರಡು-ಮೂರು ದಿನಕ್ಕೊಮ್ಮೆ 8-10 ಲೀಟರ್ ನಿಧಾನವಾಗಿ ಹಾಕಿ. ತರಗೆಲೆ 3 ಇಂಚು ದಪ್ಪ ಮುಚ್ಚಿ, ಕಾಂಡದಿಂದ ಒಂದು ಗೇಣು ಬಿಟ್ಟು.

ಆಸರೆ ಕೋಲನ್ನು ಬೇರುಂಡೆಗೆ ಚುಚ್ಚದಂತೆ ಆಚೆ ನೆಟ್ಟು, ಸೆಣಬಿನ ದಾರವನ್ನು ಕೋಲಿಗೂ ಗಿಡಕ್ಕೂ ನಡುವೆ ಒಮ್ಮೆ ತಿರುಚಿ ಸಡಿಲವಾಗಿ ಕಟ್ಟಿ. ತಂತಿ ಬೇಡ, ತೊಗಟೆ ಕೊಯ್ಯುತ್ತೆ.