‘ಸಣ್ಣಪುಟ್ಟ ಕೆಲಸ’ ಅಂದ್ರೆ ಏನಕ್ಕಾ?

ಮಕ್ಕಳ ಶಾಲೆ ಶುರುವಾಗುವ ಹೊತ್ತಿಗೆ ಅಮೆರಿಕದಿಂದ ಬೆಂಗಳೂರಿಗೆ ವಾಪಸ್ ಬರುತ್ತೇವೆ, ಮನೆಕೆಲಸಕ್ಕೆ ಜನ ಸಿಗುತ್ತಾರಾ, ಎಷ್ಟು ಕೊಡಬೇಕು ಅಂತ ಕೇಳಿದ್ದೀರಿ. ಜನ ಸಿಗುತ್ತಾರೆ, ಆ ಚಿಂತೆ ಬಿಡಿ. ಎಷ್ಟು ಕೊಡಬೇಕು ಅನ್ನುವುದಕ್ಕೆ ಮಾತ್ರ ಒಂದು ಸಾಲಿನ ಉತ್ತರ ನನ್ನ ಹತ್ತಿರ ಇಲ್ಲ. ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ.

ನಾವು ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾಗ ಮಗಳನ್ನು ನೋಡಿಕೊಳ್ಳಲು ಒಬ್ಬರು ಗುಜರಾತಿ ಹೆಂಗಸು ಬರುತ್ತಿದ್ದರು. ಅವರ ಸಂಬಳಕ್ಕಾಗಿ ನಾವು ಗಂಡ-ಹೆಂಡತಿ ರಾತ್ರಿ ಕೂತು ಶೆಡ್ಯೂಲ್ ಎಚ್ ಅನ್ನುವ ಮನೆಕೆಲಸದವರ ತೆರಿಗೆ ಫಾರ್ಮ್ ತುಂಬಿದ್ದು, ವರ್ಷದ ಕೊನೆಗೆ ಅವರ ಕೈಗೆ ಡಬ್ಲ್ಯೂ-2 ಅನ್ನುವ ಸಂಬಳದ ಚೀಟಿ ಕೊಟ್ಟದ್ದು ಚೆನ್ನಾಗಿ ನೆನಪಿದೆ. ನಿಮಗೆಲ್ಲ ಗೊತ್ತಿರುವುದೇ: 2025ರ ಲೆಕ್ಕದಲ್ಲಿ ಒಬ್ಬರಿಗೆ ವರ್ಷಕ್ಕೆ 2,800 ಡಾಲರ್ ಮುಟ್ಟಿತೋ, ಸೋಶಿಯಲ್ ಸೆಕ್ಯುರಿಟಿ (ಪಿಂಚಣಿ) ಮತ್ತು ಮೆಡಿಕೇರ್‌ಗೆ (ವಯಸ್ಸಾದವರ ಆರೋಗ್ಯ ವಿಮೆ) ನಮ್ಮ ಕೈಯಿಂದ ಶೇ 7.65 ಕಟ್ಟಲೇಬೇಕು. 2013ರಲ್ಲಿ ನ್ಯೂಯಾರ್ಕ್‌ನಲ್ಲಿ ಮನೆಕೆಲಸದವರ ಸಂಬಳದ ವಿಷಯಕ್ಕೇ ನಮ್ಮ ದೇಶದ ರಾಜತಾಂತ್ರಿಕರೊಬ್ಬರ ಬಂಧನವಾದ ಮೇಲಂತೂ, ನಮ್ಮವರ ಪ್ರತಿ ಪಾಟ್‌ಲಕ್ ಊಟದಲ್ಲೂ ಇದೇ ಮಾತು. ಹೆದರಿಕೊಂಡಾದರೂ ಸರಿಯಾಗಿ ನಡೆದುಕೊಂಡೆವು.

ಅದೇ ನಾನು ಇಲ್ಲಿ ಬಂದಿಳಿದ ವಾರದಲ್ಲೇ ಪಕ್ಕದ ಫ್ಲ್ಯಾಟಿನವರನ್ನು ಕೇಳಿದ ಮೊದಲ ಪ್ರಶ್ನೆ: “ನಿಮ್ಮ ಬ್ಲಾಕಲ್ಲಿ ರೇಟ್ ಎಷ್ಟು ನಡೀತಿದೆ?”

ಜೆ.ಪಿ. ನಗರ 7ನೇ ಹಂತದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆಗ ಕಸ, ಮುಸುರೆ, ನೆಲ ಒರೆಸುವುದಕ್ಕೆ ತಿಂಗಳಿಗೆ ₹3,000 ಅಂದರು. “ಒಂದು ಗಂಟೆ ಕೆಲಸ ಅಷ್ಟೇ.” ಒಪ್ಪಿದೆ. ಕೋಣನಕುಂಟೆ ಕಡೆಯಿಂದ ಒಬ್ಬರು ಬರತೊಡಗಿದರು. ಮೊದಲ ವಾರ ಕಸ, ಮುಸುರೆ, ನೆಲ. ಆಮೇಲೆ “ಹಾಗೇ ಆ ಬಟ್ಟೆ ಸ್ವಲ್ಪ ಒಣಹಾಕ್ಬಿಡು”, “ಹಾಗೇ ಬಾಲ್ಕನಿಗೆ ನೀರು ಹಾಕ್ಬಿಡು”, “ಹಾಗೇ ಸೊಪ್ಪು ಬಿಡಿಸ್ಕೊಟ್ಬಿಡು”. ನಮ್ಮ ಕನ್ನಡದ ಈ ‘ಹಾಗೇ’ ಬಲು ದುಬಾರಿ ಮಾತು, ದುಬಾರಿ ಆಗುವುದು ಹೇಳಿಸಿಕೊಂಡವರಿಗೆ. ಒಂದು ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ, ಸುಮ್ಮನೆ ಗಡಿಯಾರ ನೋಡಿದೆ. ಅವರು ಬಂದು ಹೋಗುವುದರೊಳಗೆ ಒಂದು ಗಂಟೆ ಐವತ್ತು ನಿಮಿಷ. ವಾರದ ರಜೆಯ ಮಾತನ್ನು ನಾನು ಎತ್ತಿರಲಿಲ್ಲ, ಅವರೂ ಕೇಳಿರಲಿಲ್ಲ. ಅಂದರೆ ತಿಂಗಳಿಗೆ 30 ಗಂಟೆ ಅಂದುಕೊಂಡದ್ದು 55 ಗಂಟೆ. ಗಂಟೆಗೆ 100 ರೂಪಾಯಿ ಕೊಡುತ್ತಿದ್ದೇನೆ ಅಂದುಕೊಂಡಿದ್ದವಳು 55 ರೂಪಾಯಿ ಕೂಡ ಕೊಡುತ್ತಿರಲಿಲ್ಲ.

ಆಯಿತಾ, ಲೆಕ್ಕ ಗೊತ್ತಾಯಿತು. ಗೊತ್ತಾದ ಮೇಲೂ ಏನೂ ಮಾಡಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅದೇ ತಿಂಗಳು ಜ್ವರ ಬಂದು ಐದು ದಿನ ಬರಲಿಲ್ಲ ಅಂತ ₹500 ಮುರಿದುಕೊಂಡೆ. ಅವರು ಹಣ ಎಣಿಸಿ, ಸೊಂಟದ ಚೀಲಕ್ಕೆ ಹಾಕಿಕೊಂಡು, “ಬರ್ತೀನಕ್ಕ” ಅಂದು ಹೋದರು. ಮತ್ತೆ ಬರಲಿಲ್ಲ. ಊರಿಗೆ ಹೋಗಿರಬೇಕು ಅಂದುಕೊಂಡೆ. ಗೇಟಿನ ಆ್ಯಪ್‌ನಲ್ಲಿ ನೋಡಿದರೆ ನಮ್ಮದೇ ಬ್ಲಾಕಿನ ನಾಲ್ಕನೇ ಮಹಡಿಗೆ ದಿನಾ ಬಂದು ಹೋಗುತ್ತಿದ್ದಾರೆ, ಭಾನುವಾರ ಬಿಟ್ಟು.

ಈಗ ಕಾನೂನು. ಮನೆಕೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ ತಂದು ದರ ನಿಗದಿ ಮಾಡಿದ ಮೊದಲ ರಾಜ್ಯ ನಮ್ಮದೇ, 2004ರಲ್ಲಿ. ಇದು ಇಲ್ಲಿರುವವರಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ‘ನಡೆಯುತ್ತಿರುವ ರೇಟ್’ ಬೇರೆ, ಕಾನೂನಿನ ದರ ಬೇರೆ. ಕಾನೂನಿನ ದರಕ್ಕೆ ತುಟ್ಟಿಭತ್ಯೆ ಸೇರಿ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಅದು ಬದಲಾಗುತ್ತದೆ, ಕಾರ್ಮಿಕ ಇಲಾಖೆ ಆದೇಶ ಹೊರಡಿಸುತ್ತದೆ. ನೀವು ಬರುವ ವರ್ಷದ ಆದೇಶ ಹುಡುಕಿ, ಅದರಲ್ಲಿ ಬೆಂಗಳೂರಿಗೆ ಹೇಳಿರುವ ತಿಂಗಳ ಮೊತ್ತವನ್ನು 26 ದಿನಕ್ಕೆ, ಆಮೇಲೆ 8 ಗಂಟೆಗೆ ಭಾಗಿಸಿ. ಬರುವುದು ಒಂದು ಗಂಟೆಯ ದರ. ಅದಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ, ಹೆಚ್ಚು ಕೊಡಬಾರದು ಅಂತ ಯಾರೂ ಹೇಳಿಲ್ಲ. ಎಂಟು ಗಂಟೆ ಮೀರಿ ದುಡಿಸಿಕೊಂಡರೆ ಮೀರಿದ ಹೊತ್ತಿಗೆ ದುಪ್ಪಟ್ಟು, ವಾರಕ್ಕೊಂದು ರಜೆ. ಬಂದ ಹೊಸತರಲ್ಲಿ ಪಕ್ಕದ ಮನೆಯವರು “ಜಾಸ್ತಿ ಕೊಟ್ಟು ರೇಟ್ ಹಾಳು ಮಾಡ್ಬೇಡಿ” ಅನ್ನುತ್ತಾರೆ. ನನಗೂ ಅಂದರು. ಅವರ ಮನೆಯಲ್ಲಿ ಮೂರು ಕಾರಿವೆ.

ಅಲ್ಲಿ ಸೋಶಿಯಲ್ ಸೆಕ್ಯುರಿಟಿ ಕಟ್ಟುವ ಹಾಗೆ ಇಲ್ಲಿ ಪಿಎಫ್, ಇಎಸ್‌ಐ ಕಟ್ಟುವ ದಾರಿ ಒಂದು ಮನೆಗೆ ಇಲ್ಲ. ಅಸಂಘಟಿತ ಕಾರ್ಮಿಕರ ನೋಂದಣಿಗೆ 2021ರಲ್ಲಿ ಶುರುವಾದ ಇ-ಶ್ರಮ್ ಜಾಲತಾಣದಲ್ಲಿ 16ರಿಂದ 59 ವರ್ಷದೊಳಗಿನವರ ಹೆಸರು ಸೇರಿಸಬಹುದು, ಆಧಾರ್‌ಗೆ ಜೋಡಿಸಿದ ಮೊಬೈಲ್ ಇದ್ದರೆ ಹತ್ತು ನಿಮಿಷದ ಕೆಲಸ. ಈಗ ನಮ್ಮ ಮನೆಗೆ ಬರುವವರಿಗೆ ಮಗಳ ಲ್ಯಾಪ್‌ಟಾಪ್‌ನಲ್ಲೇ ಮಾಡಿಕೊಟ್ಟೆವು. 2025ರಲ್ಲಿ ಮನೆಕೆಲಸದವರಿಗಾಗಿಯೇ ಒಂದು ಮಸೂದೆಯ ಕರಡನ್ನು ರಾಜ್ಯ ಸರ್ಕಾರ ಸಿದ್ಧ ಮಾಡಿತು. ಅದರಲ್ಲಿ ಸಂಬಳದ ಶೇ 5ರವರೆಗೆ ಕೆಲಸ ಕೊಡುವವರು ಕಲ್ಯಾಣ ನಿಧಿಗೆ ಕಟ್ಟಬೇಕು ಅಂತ ಇತ್ತು. ಸುದ್ದಿ ಬಂದ ದಿನ ನಮ್ಮ ಅಪಾರ್ಟ್‌ಮೆಂಟಿನವರ ಗುಂಪಿನಲ್ಲಿ ಆದ ಗಲಾಟೆ ನೋಡಬೇಕಿತ್ತು, ಆಸ್ತಿ ತೆರಿಗೆ ಏರಿಸಿದಾಗಲೂ ಅಷ್ಟು ಆಗಿರಲಿಲ್ಲ.

ಎರಡನೆಯವರು ಕೆಲಸಕ್ಕೆ ಬಂದಾಗ ನಾನು ಕೇಳುವ ಮೊದಲೇ ಅವರು ಕೇಳಿದರು. ಎಷ್ಟು ಜನ? ಬಟ್ಟೆ ಕೈಯಲ್ಲಾ ಮಷಿನಾ? ನಾಯಿ ಇದ್ಯಾ? ಭಾನುವಾರ ರಜಾ ಕೊಡ್ತೀರಾ? ಬೇರೆ ಮೂರು ಮನೆ ಮಾಡುತ್ತಾರಂತೆ, ನಮ್ಮದು ಒಂಬತ್ತೂವರೆಗೆ ಮುಗಿದು ಹತ್ತಕ್ಕೆ ಇನ್ನೊಂದು ಕಡೆ ಇರಬೇಕು. ಈ ಸಲ ಬುದ್ಧಿ ಬಂದಿತ್ತು, ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ಎಲ್ಲ ಬರೆದೆ. ಕಸ, ಮುಸುರೆ, ನೆಲ, ಮಷಿನ್ ಬಟ್ಟೆ ಒಣಹಾಕುವುದು. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ. ಭಾನುವಾರ ರಜೆ, ಅದು ಬಿಟ್ಟು ತಿಂಗಳಿಗೆ ಎರಡು ರಜೆ, ಜ್ವರ-ಗಿರ ಬಂದರೆ ಸಂಬಳ ಮುರಿಯುವುದಿಲ್ಲ. ನಾವು ಊರಿಗೆ ಹೋಗಿ ಬೀಗ ಹಾಕಿದ್ದ ದಿನಗಳಿಗೂ ಸಂಬಳ ಇದೆ. ಐದನೇ ತಾರೀಖಿನೊಳಗೆ ಅವರ ಖಾತೆಗೆ. ಕೊನೆಯಲ್ಲಿ, ಅಭ್ಯಾಸ ಬಲ ನೋಡಿ, ‘ಇತರೆ ಸಣ್ಣಪುಟ್ಟ ಕೆಲಸ’ ಅಂತ ಸೇರಿಸಿದ್ದೆ.

ಅವರು ಏಳನೇ ಕ್ಲಾಸು ಓದಿದವರು. ಹಾಳೆ ತೆಗೆದುಕೊಂಡು, ಕಿಟಕಿಯ ಹತ್ತಿರ ಹೋಗಿ, ಬೆರಳಿಟ್ಟುಕೊಂಡು ಒಂದೊಂದೇ ಸಾಲು ಓದಿದರು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು.

“ಈ ಸಣ್ಣಪುಟ್ಟ ಅಂದ್ರೆ ಏನಕ್ಕಾ?”

ನಾನು ತಡವರಿಸಿದೆ. “ಅದೇ... ಏನಾದ್ರೂ...”

“ಏನಾದ್ರೂ ಅಂದ್ರೆ ಅದಕ್ಕೆ ಎಷ್ಟು ಹೊತ್ತು?”

ಪೆನ್ ಕೇಳಿ ಇಸಕೊಂಡು ಆ ಸಾಲಿನ ಮೇಲೆ ಗೀಟು ಹಾಕಿದರು. ಕಾಟು ಹಾಕಿದ ಆ ಹಾಳೆಯೇ ಅಡುಗೆಮನೆ ಕಪಾಟಿನ ಬಾಗಿಲ ಒಳಗೆ ಈಗಲೂ ಅಂಟಿಕೊಂಡಿದೆ. ಸೊಪ್ಪು ನಾನೇ ಬಿಡಿಸುತ್ತೇನೆ.

ಹಾಳೆಯಲ್ಲಿ ಬರೆಯದೆ ಬಿಟ್ಟದ್ದೂ ಒಂದಿತ್ತು. ನಾಲ್ಕೈದು ತಿಂಗಳಾದ ಮೇಲೆ ಒಂದು ದಿನ ಅವರು ನೆಲ ಒರೆಸುತ್ತಿದ್ದವರು ಎದ್ದು ನಿಂತು, ಸೆರಗು ಹಿಡಿದುಕೊಂಡು, ತುಂಬ ಸಣ್ಣ ದನಿಯಲ್ಲಿ ಬಾತ್‌ರೂಮಿಗೆ ಹೋಗಬಹುದಾ ಅಂತ ಕೇಳಿದರು. ಮೂರು ಬಾತ್‌ರೂಮ್ ಇರುವ ಮನೆ. ಅವರೇ ತೊಳೆಯುವ ನೆಲ. ಬೇಸ್‌ಮೆಂಟಿನಲ್ಲಿ ಡ್ರೈವರ್‌ಗಳಿಗೆ ಅಂತ ಒಂದಿದೆ, ಅದಕ್ಕೆ ಚಿಲಕ ಇಲ್ಲವಂತೆ. ಹಾಗಾಗಿ ಬೆಳಿಗ್ಗೆ ಮನೆ ಬಿಟ್ಟ ಮೇಲೆ ಮಧ್ಯಾಹ್ನದವರೆಗೆ ನೀರೇ ಕುಡಿಯುವುದಿಲ್ಲವಂತೆ. ನೀವು ಬಂದಾಗ ಮೊದಲ ದಿನವೇ ನಿಮ್ಮ ಬಾಯಿಂದಲೇ ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ.

ಮಕ್ಕಳ ವಿಷಯಕ್ಕೆ ಬರುತ್ತೇನೆ. ನಮ್ಮ ಮಕ್ಕಳ ಕನ್ನಡ ಮನೆಯೊಳಗಿನ ಕನ್ನಡ, ಅಪ್ಪ-ಅಮ್ಮನ ಜತೆ ಆಡಿ ಕಲಿತದ್ದು. ಅವರಿಗೆ ‘ನೀನು’ ಬಿಟ್ಟರೆ ಇನ್ನೊಂದು ಗೊತ್ತಿರುವುದಿಲ್ಲ, ಅಜ್ಜನಿಗೂ ನೀನೇ. ಬೆಂಗಳೂರಿಗೆ ಬಂದ ಮೇಲೆ ಅಜ್ಜನಿಗೆ, ಮೇಷ್ಟ್ರಿಗೆ, ಕೆಳಗಿನ ಮನೆ ಅಂಕಲ್‌ಗೆ ‘ನೀವು’ ಅನ್ನಬೇಕು ಅಂತ ಮಗಳನ್ನು ತಿದ್ದಿದೆ, ಬೇಗ ಕಲಿತಳು. ಆಮೇಲೆ ಒಂದು ದಿನ ಐವತ್ತು ವರ್ಷದ ಆ ಮೊದಲನೆಯವರಿಗೆ “ಏ, ನನ್ನ ರೂಮ್ ಆಮೇಲೆ ಒರೆಸು” ಅಂದಳು, ಹೆಸರು ಹಿಡಿದು. ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ಅದು ಅವಳು ಎಡಿಸನ್‌ನಿಂದ ತಂದ ‘ನೀನು’ ಅಲ್ಲ, ನನ್ನಿಂದ ಕಲಿತದ್ದು. “ಬಂದಳಾ ನೋಡು”, “ಅವಳಿಗೆ ಹೇಳು” ಅನ್ನುತ್ತಿದ್ದವಳು ನಾನೇ. ಈಗಿನವರನ್ನು ಇಬ್ಬರೂ ‘ಅಕ್ಕ, ಬನ್ನಿ’ ಅನ್ನುತ್ತೇವೆ.

ಬಹುವಚನ ಬಂದ ಮಾತ್ರಕ್ಕೆ ಎಲ್ಲ ಸರಿಹೋಯಿತು ಅಂತಲ್ಲ. ನಮ್ಮ ಅತ್ತೆ ಈಗಲೂ ಅವರನ್ನು “ಏನೇ, ಬಾರೇ” ಅಂತಲೇ ಕರೆಯುವುದು. ಆದರೆ ಬಿಸಿ ಕಾಫಿ ಲೋಟ ಕೊಟ್ಟು ಕೂರಿಸಿಕೊಳ್ಳುವವರೂ ಅವರೇ, ಆ ಅಕ್ಕನ ಮಗನ ಕಾಲೇಜು ಫೀಸಿಗೆ ₹10,000 ಕೈಸಾಲ ಕೊಟ್ಟವರೂ ಅವರೇ. ಸಾಲ ಅಂದಾಗ ನೆನಪಾಯಿತು: ಅಡ್ವಾನ್ಸ್ ಕೊಡಿ, ಪರವಾಗಿಲ್ಲ, ಆದರೆ “ತೀರಿಸೋವರೆಗೂ ಬಿಟ್ಟು ಹೋಗೋ ಹಾಗಿಲ್ಲ” ಅನ್ನಬೇಡಿ. ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಬಾಗಿಲು ತಟ್ಟುವ ಮಾತು. ದೀಪಾವಳಿಗೆ ಒಂದು ತಿಂಗಳ ಸಂಬಳ ಹೆಚ್ಚಿಗೆ ಕೊಡುವುದು ಕಾನೂನಲ್ಲ, ನಮ್ಮ ಕಡೆಯ ರೂಢಿ. ಹಳೇ ಸೀರೆ ಕೊಟ್ಟು ಅದನ್ನೇ ಬೋನಸ್ ಲೆಕ್ಕಕ್ಕೆ ಹಾಕಬೇಡಿ.

ಚಿಕ್ಕ ಮಕ್ಕಳಿದ್ದು, ಮನೆಯಲ್ಲೇ ಉಳಿಯುವ ಆಯಾ ಬೇಕು ಅನ್ನುವವರಿಗೆ ಒಂದು ಎಚ್ಚರಿಕೆ. ಏಜೆನ್ಸಿಯವರು ದೂರದ ರಾಜ್ಯದಿಂದ “ಒಳ್ಳೇ ಹುಡುಗಿ ಇದ್ದಾಳೆ” ಅಂತ ಕರೆತಂದು ಕೂರಿಸುತ್ತಾರೆ. ಹುಡುಗಿಯ ಮುಖ ನೋಡಿ. ಹದಿನಾಲ್ಕರೊಳಗಿನವರನ್ನು ಮನೆಕೆಲಸಕ್ಕೆ ಇಟ್ಟುಕೊಳ್ಳುವುದು 2006ರಿಂದಲೇ ಅಪರಾಧ. ನಾನಂತೂ ಹದಿನೆಂಟು ತುಂಬಿದ ದಾಖಲೆ ನೋಡದೆ ಒಳಗೆ ಕರೆಯುವುದಿಲ್ಲ. ದಾಖಲೆ ನೋಡಿ ವಾಪಸ್ ಕೊಡಿ, ಆಧಾರ್ ಕಾರ್ಡ್ ನಿಮ್ಮ ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ. ಸಂಬಳ ಏಜೆನ್ಸಿಗಲ್ಲ, ಅವಳದೇ ಖಾತೆಗೆ. ಅವಳಿಗೆ ಮಲಗಲು ಬಾಗಿಲಿರುವ ಜಾಗ, ಕೈಯಲ್ಲಿ ಅವಳ ಫೋನ್. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ನಮ್ಮ ಮನೆಗಳನ್ನೂ ಕೆಲಸದ ಜಾಗ ಅಂತಲೇ ಲೆಕ್ಕ ಹಾಕುತ್ತದೆ, ದೂರು ಕೇಳಲು ಜಿಲ್ಲೆಗೊಂದು ಸ್ಥಳೀಯ ಸಮಿತಿ ಇದೆ. ಇದು ಅವಳಿಗೂ ಗೊತ್ತಿರಬೇಕು.

ಬಸ್ಸಿನ ಖರ್ಚು ಕೊಡಬೇಕಾ ಅಂತಲೂ ಕೇಳಿದ್ದೀರಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣ ಇಲ್ಲ. ನಮ್ಮವರು ಮೊದಲು ಮೂರು ಕಿಲೋಮೀಟರ್ ನಡೆದು ಬರುತ್ತಿದ್ದರು, ಈಗ ಬಸ್ಸು. ಉಳಿದ ಹೊತ್ತಿನಲ್ಲಿ ಇನ್ನೊಂದು ಮನೆ ಹಿಡಿದಿದ್ದಾರೆ.

ಮೊನ್ನೆ ಅವರು, ಏಪ್ರಿಲ್ ಬಂತಲ್ಲಕ್ಕ, ಸಂಬಳ ಏರಿಸಬೇಕು ಅಂದರು. ಹಳೇ ಹಾಳೆಯಲ್ಲಿ ಜಾಗ ಇಲ್ಲ, ಮಗಳ ಹತ್ತಿರ ಹೊಸದು ಕೇಳಿ ಇಟ್ಟಿದ್ದೇನೆ. ನಾಳೆ ಭಾನುವಾರ, ಅವರು ಬರುವುದಿಲ್ಲ. ಸೋಮವಾರ ಕೂತು ಬರೆಯಬೇಕು.