ಹಸಿ ಆಹಾರದಲ್ಲಿದ್ದೇನೆ, ವೇಟ್ಸ್ ಎತ್ತುವ ಮೊದಲು ಏನು ತಿನ್ನಲಿ?

ಪ್ರಶ್ನೆ: ನಮಸ್ತೆ ಮೇಡಂ. ನನಗೆ 34 ವರ್ಷ. ಎರಡೂವರೆ ತಿಂಗಳಿಂದ ಬೇಯಿಸಿದ್ದು ಏನೂ ತಿನ್ನುತ್ತಿಲ್ಲ. ಹಣ್ಣು, ತರಕಾರಿ, ಮೊಳಕೆ ಕಾಳು, ಬೀಜಗಳು, ಅಷ್ಟೇ. ಶುರು ಮಾಡಿದಾಗ 75 ಕಿಲೋ ಇದ್ದೆ, ಈಗ 70. ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಆರೂವರೆಗೆ ಜಿಮ್. ಆರಕ್ಕೆ ಒಂದು ದೊಡ್ಡ ಲೋಟ ಸ್ಮೂದಿ ಕುಡಿದು ಹೊರಡುತ್ತೇನೆ. ಅದರಲ್ಲಿ ಒಂದು ಹಿಡಿ ಬಾದಾಮಿ, ಎರಡು ದೊಡ್ಡ ಚಮಚ ಅಗಸೆ ಬೀಜ, ಎರಡು ಹಿಡಿ ಪಾಲಕ್, ಅರ್ಧ ಸೇಬು, ಒಂದು ಬಾಳೆಹಣ್ಣು ಇರುತ್ತದೆ. ಸಕ್ಕರೆ ಕಡಿಮೆ ಇರಲಿ ಅಂತ ಬಾಳೆಹಣ್ಣು ಸ್ವಲ್ಪ ಗಟ್ಟಿ ಇರುವಾಗಲೇ ಹಾಕುತ್ತೇನೆ. ಸ್ಕ್ವಾಟ್‌ನ ಮೂರನೇ ಸೆಟ್‌ಗೆ ಬರುವಷ್ಟರಲ್ಲಿ ಕುಡಿದದ್ದೆಲ್ಲ ಗಂಟಲಿಗೆ ಬರುತ್ತದೆ. ಏನೂ ಕುಡಿಯದೆ ಹೋದ ದಿನ ಡೆಡ್‌ಲಿಫ್ಟ್ (ನೆಲದಿಂದ ತೂಕದ ಬಾರ್ ಎತ್ತುವುದು) ಮಾಡಿ ಬಾರ್ ಕೆಳಗಿಟ್ಟ ತಕ್ಷಣ ಕಣ್ಣು ಕತ್ತಲೆ ಬರುತ್ತದೆ. ಟ್ರೇನರ್ ಅವರು ಮೊದಲು ಈ ಹಸಿ ಊಟ ಬಿಡಿ ಅಂತಾರೆ. ನನಗೆ ಬಿಡುವ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ನಮಸ್ತೆ. ಏನೇನು, ಎಷ್ಟೆಷ್ಟು, ಎಷ್ಟು ಹೊತ್ತಿಗೆ ಅಂತ ಬಿಡಿಸಿ ಬರೆದಿದ್ದೀರಿ, ತುಂಬಾ ಒಳ್ಳೆಯದಾಯಿತು. ನಿಮ್ಮ ತೊಂದರೆ ಆ ಲೋಟದಲ್ಲೇ ಕಾಣುತ್ತಿದೆ. ಸ್ವಲ್ಪ ಭಾಗ ಹಿಂದಿನ ರಾತ್ರಿಯ ತಟ್ಟೆಯಲ್ಲೂ ಇದೆ ಅನ್ನಿಸುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಲೋಟ. ಒಂದು ಹಿಡಿ ಬಾದಾಮಿ ಅಂದರೆ ಸುಮಾರು 30 ಗ್ರಾಂ, ಅದರಲ್ಲಿ 15 ಗ್ರಾಂ ಕೊಬ್ಬು. ಅಗಸೆ ಬೀಜದಿಂದ ಇನ್ನೊಂದು 8 ಗ್ರಾಂ. ನಾರು ಎಲ್ಲ ಸೇರಿಸಿದರೆ 15 ಗ್ರಾಂ ಹತ್ತಿರ ಆಗುತ್ತದೆ. ಕೊಬ್ಬು, ನಾರು ಎರಡೂ ಹೊಟ್ಟೆಯಿಂದ ಆಹಾರ ಕೆಳಗಿಳಿಯುವುದನ್ನ ನಿಧಾನ ಮಾಡುತ್ತವೆ. ಬೇರೆ ಹೊತ್ತಿನಲ್ಲಿ ಅದು ಒಳ್ಳೆಯದೇ, ಹಸಿವು ಬೇಗ ಆಗುವುದಿಲ್ಲ. ಆದರೆ ಅರ್ಧ ಗಂಟೆಯಲ್ಲಿ ಸ್ಕ್ವಾಟ್ ಮಾಡುವವರಿಗೆ ಅದೇ ತೊಂದರೆ. ಅಗಸೆ ಬೀಜವನ್ನ ಒಂದು ಬಟ್ಟಲು ನೀರಿನಲ್ಲಿ ಹತ್ತು ನಿಮಿಷ ಬಿಟ್ಟು ನೋಡಿ, ಚಮಚ ಎತ್ತಿದರೆ ಲೋಳೆ ಎಳೆ ಎಳೆಯಾಗಿ ಬರುತ್ತದೆ. ನಿಮ್ಮ ಹೊಟ್ಟೆಯೊಳಗೂ ಅದು ಹಾಗೇ ಇರುತ್ತದೆ. ಅದರ ಮೇಲೆ ನೀವು ಉಸಿರು ಬಿಗಿ ಹಿಡಿದು, ಹೊಟ್ಟೆ ಗಟ್ಟಿ ಮಾಡಿ, ಬೆನ್ನ ಮೇಲೆ ಬಾರ್ ಇಟ್ಟುಕೊಂಡು ಕೂರುತ್ತೀರಿ. ಒಳಗಿನ ಒತ್ತಡಕ್ಕೆ ಅದು ಮೇಲಕ್ಕೆ ಬರದೆ ಎಲ್ಲಿಗೆ ಹೋಗಬೇಕು?

ಇನ್ನು ಬಾಳೆಹಣ್ಣು. ಸಕ್ಕರೆ ಕಡಿಮೆ ಇರಲಿ ಅಂತ ಗಟ್ಟಿ ಹಣ್ಣು ಹಾಕುತ್ತೀರಿ. ಈ ಒಂದು ಹೊತ್ತಿಗೆ ಬೇಕಾಗಿರುವುದೇ ಸಕ್ಕರೆ, ಅಲ್ವಾ? ಕಾಯಿ ಇರುವಾಗ ಬಾಳೆಯಲ್ಲಿ ಜಾಸ್ತಿ ಇರುವುದು ಪಿಷ್ಟ. ಬೇಯಿಸದಿದ್ದರೆ ಆ ಪಿಷ್ಟದಲ್ಲಿ ಒಂದು ಭಾಗ ಸಣ್ಣ ಕರುಳಿನಲ್ಲಿ ಜೀರ್ಣವೇ ಆಗುವುದಿಲ್ಲ, ದೊಡ್ಡ ಕರುಳಿಗೆ ಹೋಗಿ ಗ್ಯಾಸ್ ಆಗುತ್ತದೆ. ಹಣ್ಣಾದಂತೆಲ್ಲ ಅದೇ ಪಿಷ್ಟ ಸಕ್ಕರೆ ಆಗುತ್ತದೆ. ಬೆಂಕಿ ಮಾಡಬೇಕಾದ ಕೆಲಸವನ್ನ ಇಲ್ಲಿ ಹಣ್ಣಾಗುವುದೇ ಮಾಡಿಕೊಡುತ್ತದೆ. ಸಿಪ್ಪೆ ಮೇಲೆ ಕಂದು ಚುಕ್ಕೆ ಬಿದ್ದಿರಬೇಕು, ಅಂಥದ್ದನ್ನೇ ಆರಿಸಿ. ಹಸಿ ಆಹಾರದಲ್ಲಿರುವವರು ಇದೊಂದನ್ನ ಗಮನಿಸಿದರೂ ಅರ್ಧ ತೊಂದರೆ ಕಡಿಮೆಯಾಗುತ್ತದೆ.

ಆದ್ದರಿಂದ ಆರು ಗಂಟೆಗೆ ಸ್ಮೂದಿ ಬೇಡ. ಒಂದು ಅಥವಾ ಎರಡು ಚೆನ್ನಾಗಿ ಹಣ್ಣಾದ ಬಾಳೆಹಣ್ಣು ಸಾಕು. ಒಂದು ಮಧ್ಯಮ ಗಾತ್ರದ ಹಣ್ಣಿನಲ್ಲಿ 27 ಗ್ರಾಂ ಕಾರ್ಬ್, ಅಂದರೆ ಸಕ್ಕರೆ, ಪಿಷ್ಟದ ಅಂಶ ಇರುತ್ತದೆ. ಬಾಳೆ ಆಗದಿದ್ದರೆ ರಾತ್ರಿ ನೆನೆಸಿಟ್ಟ ಮೂರು ನಾಲ್ಕು ಖರ್ಜೂರ. ನೆನೆದ ನೀರನ್ನೂ ಕುಡಿಯಿರಿ, ಒಂದು ಚಿಟಿಕೆ ಉಪ್ಪು ಹಾಕಿಕೊಂಡು. ನಿಮ್ಮ ತೂಕಕ್ಕೆ 30ರಿಂದ 50 ಗ್ರಾಂ ಕಾರ್ಬ್ ಆ ಹೊತ್ತಿಗೆ ಧಾರಾಳವಾಯಿತು. ಸೇಬನ್ನ ಈ ಹೊತ್ತಿಗೆ ಬಿಡಿ, ಅದರಲ್ಲಿನ ಫ್ರಕ್ಟೋಸ್ ಮತ್ತು ಸಾರ್ಬಿಟಾಲ್ ಅನ್ನುವ ಸಿಹಿ ಅಂಶಗಳು ಕೆಲವರಿಗೆ ಹೊಟ್ಟೆ ಉಬ್ಬರ ತರುತ್ತವೆ. ಬಾದಾಮಿ, ಅಗಸೆ, ಪಾಲಕ್ ಯಾವುದನ್ನೂ ಎಸೆಯಬೇಡಿ. ಅದೇ ಸ್ಮೂದಿ ಜಿಮ್‌ನಿಂದ ಬಂದ ಮೇಲೆ ಕುಡಿಯಿರಿ.

ಈಗ ರಾತ್ರಿಯ ತಟ್ಟೆ. ತೂಕ ಎತ್ತುವಾಗ ಸ್ನಾಯು ಉರಿಸುವುದು ಮುಖ್ಯವಾಗಿ ಗ್ಲೈಕೋಜೆನ್, ಅಂದರೆ ತನ್ನೊಳಗೆ ಕೂಡಿಟ್ಟುಕೊಂಡ ಸಕ್ಕರೆ. ಎಲ್ಲ ಸ್ನಾಯು ಸೇರಿ ಸುಮಾರು 400ರಿಂದ 500 ಗ್ರಾಂ ಇರುತ್ತದೆ, ಲಿವರ್‌ನಲ್ಲಿ 100 ಗ್ರಾಂ ಹತ್ತಿರ. ರಾತ್ರಿ ಮಲಗಿದಾಗ ಲಿವರ್‌ನದ್ದು ಖಾಲಿಯಾಗುತ್ತಾ ಹೋಗುತ್ತದೆ, ಸ್ನಾಯುವಿನದ್ದು ಹಾಗೇ ಉಳಿಯುತ್ತದೆ. ಅಂದರೆ ಬೆಳಿಗ್ಗೆ ನೀವು ಎತ್ತುವುದು ನಿನ್ನೆ ತಿಂದದ್ದರ ಬಲದಲ್ಲಿ. ಬೆಳಗಿನ ಬಾಳೆಹಣ್ಣು ಲಿವರ್‌ಗೆ, ತಲೆಗೆ ಒಂದಿಷ್ಟು ಆಸರೆ ಕೊಡುತ್ತದೆ ಅಷ್ಟೇ.

ರಾತ್ರಿ ಏನು ತಿನ್ನುತ್ತೀರಿ ಅಂತ ನೀವು ಬರೆದಿಲ್ಲ. ಒಂದು ದೊಡ್ಡ ಬಟ್ಟಲು ಸಲಾಡ್ ಇರಬಹುದು. ಸೌತೆಕಾಯಿ, ಟೊಮ್ಯಾಟೊ, ಎಲೆಕೋಸು, ಕ್ಯಾರೆಟ್ ಸೇರಿಸಿ ಅರ್ಧ ಕಿಲೋ ತಿಂದರೂ ಹೆಚ್ಚೂಕಡಿಮೆ 125 ಕ್ಯಾಲರಿ. ಅಗಿದು ಅಗಿದು ದವಡೆ ನೋಯುತ್ತದೆ, ಹೊಟ್ಟೆ ತುಂಬುತ್ತದೆ, ಆದರೆ ಮೈಗೆ ಸಿಕ್ಕಿದ್ದು ಇಷ್ಟೇ. ಎರಡೂವರೆ ತಿಂಗಳಲ್ಲಿ 5 ಕಿಲೋ ಇಳಿದಿರುವುದು ಅದನ್ನೇ ಹೇಳುತ್ತಿದೆ. ಇಳಿಸಬೇಕು ಅಂತ ನೀವು ಅಂದುಕೊಂಡಿರಲಿಲ್ಲ ಅಂದರೆ ಇದು ಒಳ್ಳೆಯ ಸುದ್ದಿ ಅಲ್ಲ. ರಾತ್ರಿ ಸಲಾಡ್‌ಗೆ ಮೊದಲು ಹಣ್ಣು ತಿನ್ನಿ. ಎರಡು ಮೂರು ಬಾಳೆಹಣ್ಣು, ಒಂದು ಹಿಡಿ ಒಣದ್ರಾಕ್ಷಿ ಅಥವಾ ಖರ್ಜೂರ. ಆಮೇಲೆ ಮೊಳಕೆ ಹೆಸರುಕಾಳು, ಕುಂಬಳ ಬೀಜ. ಹಸಿರು ಕೊನೆಗೆ, ಹೊಟ್ಟೆಯಲ್ಲಿ ಜಾಗ ಉಳಿದಷ್ಟು.

ಕಣ್ಣು ಕತ್ತಲೆ ಬರುವುದನ್ನ ಮಾತ್ರ ಹಗುರವಾಗಿ ತಗೋಬೇಡಿ. ಉಸಿರು ಹಿಡಿದು ಎತ್ತಿ, ಇಳಿಸಿದಾಗ ಒಮ್ಮೆಲೇ ಬಿಟ್ಟರೆ ಬಿಪಿ ತಟ್ಟನೆ ಬೀಳುತ್ತದೆ. ಖಾಲಿ ಹೊಟ್ಟೆ, ಕಡಿಮೆ ನೀರು, ಕಡಿಮೆ ಉಪ್ಪು ಸೇರಿದರೆ ಇನ್ನೂ ಜಾಸ್ತಿ. ಹಣ್ಣು ತರಕಾರಿಯಲ್ಲಿ ಸಹಜವಾಗಿ ಇರುವ ಸೋಡಿಯಂ ತೀರಾ ಕಡಿಮೆ, ನೀವೋ ಬೆವರು ಸುರಿಸುತ್ತೀರಿ. ಬಿಪಿ ಜಾಸ್ತಿ ಇಲ್ಲದಿದ್ದರೆ ಸಲಾಡ್‌ಗೆ ಉಪ್ಪು ಹಾಕಿಕೊಳ್ಳಿ. ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12 ಮೂರನ್ನೂ ಈ ವಾರವೇ ಪರೀಕ್ಷೆ ಮಾಡಿಸಿ. ಬಿದ್ದರೆ ಕೈಯಲ್ಲಿ ಬಾರ್ ಇರುತ್ತದೆ ಅನ್ನುವುದು ನೆನಪಿರಲಿ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನೊಬ್ಬರ ಪ್ರಶ್ನೆ: ನಾನು ಸಂಜೆ ಆರಕ್ಕೆ ವರ್ಕೌಟ್ ಮಾಡುತ್ತೇನೆ, ಮಧ್ಯಾಹ್ನ ಒಂದಕ್ಕೆ ಊಟ. ನಡುವೆ ಪ್ರೋಟೀನ್ ಬೇಕು ಅಂತ ಮೊಳಕೆ ಕಾಳು ತಿನ್ನೋಣ ಅಂದುಕೊಂಡಿದ್ದೇನೆ. ಹೆಸರು, ಕಡಲೆ, ರಾಜ್ಮಾ ಎಲ್ಲ ಸೇರಿಸಿ ಮೊಳಕೆ ಕಟ್ಟಿದರೆ ಆಗುತ್ತಾ?

ಉತ್ತರ: ರಾಜ್ಮಾ ಬೇಡ. ದಯವಿಟ್ಟು ಇವತ್ತೇ ತೆಗೆದುಹಾಕಿ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ವಿಷದ ಅಂಶ ಇದೆ, ನಾಲ್ಕೈದು ಕಾಳು ತಿಂದರೂ ಕೆಲವೇ ಗಂಟೆಯಲ್ಲಿ ವಾಂತಿ, ಭೇದಿ ಶುರುವಾಗಬಹುದು. ಮೊಳಕೆ ಬಂದ ಮಾತ್ರಕ್ಕೆ ಅದು ತಿನ್ನುವಂತಾಗುವುದಿಲ್ಲ. ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುದಿಸಿಯೇ ಬೇಯಿಸಬೇಕು. ಹಾಗಾಗಿ ಹಸಿ ಆಹಾರದವರ ತಟ್ಟೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಹೆಸರುಕಾಳು ಹೊಟ್ಟೆಗೆ ಹಗುರ, ಅದನ್ನ ತಿನ್ನಿ. ಆದರೆ ಹಸಿ ಮೊಳಕೆ ಅಂದರೆ ಬೆಚ್ಚಗೆ, ತೇವದಲ್ಲಿ ಎರಡು ದಿನ ಇಟ್ಟದ್ದು. ಬ್ಯಾಕ್ಟೀರಿಯಾಕ್ಕೂ ಅದೇ ಬೇಕು. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಇ.ಕೋಲೈ ಹರಡಿ 3,800ಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ತೀರಿಕೊಂಡರು. ಪಾತ್ರೆ, ಬಟ್ಟೆ ಎರಡನ್ನೂ ಕುದಿನೀರಲ್ಲಿ ತೊಳೆಯಿರಿ. ದಿನಕ್ಕೆ ಎರಡು ಮೂರು ಸಲ ಕಾಳು ತೊಳೆದು ನೀರು ಬಸಿಯಿರಿ. ಮೊಳಕೆ ಬಂದ ತಕ್ಷಣ ಫ್ರಿಜ್‌ನಲ್ಲಿಡಿ. ಲೋಳೆಯಾದರೆ, ವಾಸನೆ ಬಂದರೆ ಯೋಚಿಸದೆ ಎಸೆಯಿರಿ. ಗರ್ಭಿಣಿಯರು, ವಯಸ್ಸಾದವರು, ಚಿಕ್ಕ ಮಕ್ಕಳು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಹಸಿ ಮೊಳಕೆ ತಿನ್ನಲೇಬಾರದು.

ಹೊತ್ತಿನ ಲೆಕ್ಕ ಹೀಗಿರಲಿ. ಮೂರೂವರೆಗೆ ಒಂದು ಬಟ್ಟಲು ಹೆಸರುಕಾಳಿನ ಮೊಳಕೆ, ಜೊತೆಗೆ ಹಣ್ಣು, ಒಂದು ಚಮಚ ಕುಂಬಳ ಬೀಜ. ಐದೂವರೆಗೆ ಮತ್ತೆ ಹಸಿವಾದರೆ ಒಂದು ಬಾಳೆಹಣ್ಣು ಮಾತ್ರ. ಇನ್ನೊಂದು ಮಾತು. 100 ಗ್ರಾಂ ಮೊಳಕೆ ಹೆಸರುಕಾಳಿನಲ್ಲಿ ಪ್ರೋಟೀನ್ ಅಷ್ಟೇ ತೂಕದ ಒಣ ಕಾಳಿಗಿಂತ ತುಂಬಾ ಕಡಿಮೆ, ಬಹುಪಾಲು ನೀರು. ಒಣ ಕಾಳಿನ ಲೆಕ್ಕ ಓದಿ ಮೊಳಕೆಗೆ ಹಾಕಿಕೊಳ್ಳುವುದು ನಾನು ತುಂಬಾ ನೋಡುವ ತಪ್ಪು. ಸ್ನಾಯು ಬೆಳೆಯಲು ದಿನಕ್ಕೆ ಒಂದು ಕಿಲೋ ಮೈತೂಕಕ್ಕೆ 1.6 ಗ್ರಾಂ ಹತ್ತಿರ ಪ್ರೋಟೀನ್ ಬೇಕಾಗುತ್ತದೆ. ಅದನ್ನ ಬೀಜಗಳಿಂದ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ಜಿಮ್‌ಗೆ ಮೊದಲಿನ ಒಂದೇ ಹೊತ್ತಿನಲ್ಲಿ ತುರುಕಲು ಹೋಗಬೇಡಿ.

ಮತ್ತೊಂದು ಪ್ರಶ್ನೆ: ಹಸಿ ಮೊಟ್ಟೆ ನಾಲ್ಕು ಒಡೆದು ಕುಡಿದು ಹೋಗುತ್ತೇನೆ. ಸರೀನಾ?

ಉತ್ತರ: ಸರಿಯಲ್ಲ. 1998ರಲ್ಲಿ ಬೆಲ್ಜಿಯಂನಲ್ಲಿ ಅಳೆದು ನೋಡಿದಾಗ ಬೇಯಿಸಿದ ಮೊಟ್ಟೆಯ ಪ್ರೋಟೀನ್ ಸುಮಾರು 91 ಪರ್ಸೆಂಟ್ ಜೀರ್ಣವಾಗಿತ್ತು, ಹಸಿಯದ್ದು 51. ಅಂದರೆ ನಾಲ್ಕು ಕುಡಿದು ಎರಡರ ಲಾಭ. ಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಬೇರೆ.

ಪ್ರಶ್ನೆ: ನೆನೆಸಿದ ಓಟ್ಸ್ ಮತ್ತು ಗೋಡಂಬಿ ಹಸಿ ಆಹಾರವೇ ತಾನೆ? ಮತ್ತೆ ಬೀಟ್‌ರೂಟ್ ಜ್ಯೂಸ್ ಕುಡಿದರೆ ಶಕ್ತಿ ಬರುತ್ತಾ?

ಉತ್ತರ: ಓಟ್ಸ್ ಅವಲಕ್ಕಿ ಥರ ಚಪ್ಪಟೆ ಮಾಡಿದ್ದಾದರೆ ಅದನ್ನ ಕಾರ್ಖಾನೆಯಲ್ಲೇ ಹಬೆಯಲ್ಲಿ ಹಾಯಿಸಿರುತ್ತಾರೆ. ಗೋಡಂಬಿಯೂ ಸಾಮಾನ್ಯವಾಗಿ ಹಾಗೇ, ಸಿಪ್ಪೆ ಬಿಡಿಸುವ ಮೊದಲು ಶಾಖ ಕೊಟ್ಟಿರುತ್ತಾರೆ. ನೀವು ಕಟ್ಟುನಿಟ್ಟಾಗಿದ್ದರೆ ಎರಡೂ ಹಸಿ ಲೆಕ್ಕಕ್ಕೆ ಬರುವುದಿಲ್ಲ. ಅಷ್ಟು ಕಟ್ಟುನಿಟ್ಟು ಇಲ್ಲ ಅಂದರೆ, ವರ್ಕೌಟ್‌ಗೆ ಎರಡು ಮೂರು ಗಂಟೆ ಮೊದಲು ನೆನೆಸಿದ ಓಟ್ಸ್ ಜೊತೆ ಹಣ್ಣು ಬಹಳ ಒಳ್ಳೆಯ ಊಟ.

ಬೀಟ್‌ರೂಟ್‌ನ ನೈಟ್ರೇಟ್ ರಕ್ತನಾಳಗಳನ್ನ ಸಡಿಲ ಮಾಡುತ್ತದೆ ಅನ್ನುವುದು ನಿಜ. ಕುಡಿಯುವುದಾದರೆ ಎರಡು ಎರಡೂವರೆ ಗಂಟೆ ಮೊದಲು ಕುಡಿಯಿರಿ. ಅದರ ಕೆಲಸ ಶುರುವಾಗುವುದೇ ಬಾಯಿಯಲ್ಲಿರುವ ಬ್ಯಾಕ್ಟೀರಿಯಾದಿಂದ, ಹಾಗಾಗಿ ಆ ಹೊತ್ತಿನಲ್ಲಿ ಮೌತ್‌ವಾಶ್ ಹಾಕಬೇಡಿ. ಮೂತ್ರ ಕೆಂಪಗಾದರೆ ಗಾಬರಿ ಬೇಡ. ಆದರೆ ಊಟ ಸರಿ ಇಲ್ಲದೆ ಇದೊಂದನ್ನ ಕುಡಿದು ಏನೂ ಆಗುವುದಿಲ್ಲ. ಕಿಡ್ನಿ ಕಲ್ಲು ಆಗಿದ್ದವರು ಬೀಟ್‌ರೂಟ್, ಹಸಿ ಪಾಲಕ್ ಎರಡನ್ನೂ ದಿನಾ ತಗೋಬಾರದು, ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಅವುಗಳಲ್ಲಿ ಜಾಸ್ತಿ.

ಪ್ರಶ್ನೆ: ಅಕ್ಕ, ನನಗೆ 27. ಎಂಟು ತಿಂಗಳಿಂದ ಹಸಿ ಆಹಾರ, ವಾರಕ್ಕೆ ಐದು ದಿನ ವೇಟ್ಸ್. ಮೂರು ತಿಂಗಳಿಂದ ಪೀರಿಯಡ್ಸ್ ಬಂದಿಲ್ಲ. ಪ್ರೆಗ್ನೆನ್ಸಿ ಇಲ್ಲ, ಟೆಸ್ಟ್ ಮಾಡಿದ್ದೇನೆ. ಮೈ ಶುದ್ಧವಾದರೆ ಹಾಗಾಗುತ್ತೆ ಅಂತ ಒಬ್ಬರು ಹೇಳಿದರು. ವರ್ಕೌಟ್‌ಗೆ ಮೊದಲು ಏನು ತಿಂದರೆ ಸರಿಹೋಗುತ್ತದೆ?

ಉತ್ತರ: ಇಲ್ಲ ಕಣಮ್ಮ, ಮೈ ಶುದ್ಧವಾಗಿ ಮುಟ್ಟು ನಿಲ್ಲುವುದಿಲ್ಲ. ಹಾಗೆ ಹೇಳಿದವರ ಮಾತು ಪೂರ್ತಿ ಬಿಟ್ಟುಬಿಡಿ. ಮೈಗೆ ಬೇಕಾದಷ್ಟು ಊಟ ಸಿಗದಿದ್ದಾಗ ಅದು ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಇದೂ ಒಂದು. ಜರ್ಮನಿಯಲ್ಲಿ ಹಸಿ ಆಹಾರದಲ್ಲೇ ಇರುವವರ ಬಗ್ಗೆ ನಡೆಸಿದ ಒಂದು ಸಮೀಕ್ಷೆ 1999ರಲ್ಲಿ ಪ್ರಕಟವಾಯಿತು. 45 ವರ್ಷದೊಳಗಿನ ಹೆಂಗಸರಲ್ಲಿ ಸುಮಾರು 30 ಪರ್ಸೆಂಟ್ ಜನಕ್ಕೆ ಮುಟ್ಟು ಪೂರ್ತಿ ನಿಂತಿತ್ತು ಅಥವಾ ಏರುಪೇರಾಗಿತ್ತು. ಮುಟ್ಟು ನಿಂತಾಗ ಈಸ್ಟ್ರೋಜೆನ್ ಇಳಿಯುತ್ತದೆ, ಅದರ ಹಿಂದೆಯೇ ಮೂಳೆ ಸವೆಯುತ್ತದೆ. ನೀವು ಗಟ್ಟಿಯಾಗಬೇಕು ಅಂತ ಎತ್ತುತ್ತಿದ್ದೀರಿ, ಒಳಗೆ ಮೂಳೆ ತೆಳ್ಳಗಾಗುತ್ತಿರಬಹುದು.

ವರ್ಕೌಟ್‌ಗೆ ಮೊದಲಿನ ಹಣ್ಣಿನಿಂದ ಇದು ಸರಿಹೋಗುವುದಿಲ್ಲ. ಈ ವಾರ ಸ್ತ್ರೀರೋಗ ತಜ್ಞರನ್ನ ನೋಡಿ. ಥೈರಾಯ್ಡ್ ಥರದ ಬೇರೆ ಕಾರಣ ಇದೆಯಾ ಅಂತಲೂ ಅವರು ನೋಡಬೇಕು. ವೇಟ್ಸ್ ಐದು ದಿನದಿಂದ ಎರಡಕ್ಕೆ ಇಳಿಸಿ. ಮತ್ತೆ, ದಿನಕ್ಕೆ ಎರಡು ಹೊತ್ತು ಬೇಯಿಸಿದ ಊಟ ಶುರು ಮಾಡಿ ಅಂತ ನಾನು ನೇರವಾಗಿ ಹೇಳುತ್ತೇನೆ. ಮೊದಲು ಬರೆದವರಿಗೆ ಹಾಗೆ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ. ಬೇಯಿಸಿದ ಕಾಳು, ಧಾನ್ಯದಲ್ಲಿ ಅಷ್ಟೇ ಜಾಗದಲ್ಲಿ ಎಷ್ಟೋ ಜಾಸ್ತಿ ಶಕ್ತಿ ಸಿಗುತ್ತದೆ. ಡಾಕ್ಟರ್ ಏನಂದರು ಅಂತ ನನಗೆ ಖಂಡಿತ ಬರೆಯಿರಿ, ಕಾಯುತ್ತಿರುತ್ತೇನೆ.

ಮೊದಲು ಕೇಳಿದವರು, ಹದಿನೈದು ದಿನದ ನಂತರ: ಮೇಡಂ, ಚುಕ್ಕೆ ಬಿದ್ದ ಬಾಳೆಹಣ್ಣು ಎರಡು ತಿಂದು ಹೋಗುತ್ತಿದ್ದೇನೆ. ಸ್ಕ್ವಾಟ್ ಐದೂ ಸೆಟ್ ಮುಗಿಸುತ್ತಿದ್ದೇನೆ, ಗಂಟಲಿಗೆ ಬರುವುದು ನಿಂತಿದೆ. ರಾತ್ರಿ ಊಟದ ಬಗ್ಗೆ ನೀವು ಅಂದದ್ದು ನಿಜ, ಬರೀ ಸಲಾಡೇ ತಿನ್ನುತ್ತಿದ್ದೆ. ಕಣ್ಣು ಕತ್ತಲೆ ಮಾತ್ರ ಕಳೆದ ವಾರವೂ ಒಂದು ಸಲ ಬಂತು. ರಿಪೋರ್ಟ್‌ನಲ್ಲಿ ಹಿಮೋಗ್ಲೋಬಿನ್ ಸರಿ ಇದೆ, ಬಿ12 ಕಡಿಮೆ ಅಂತಿದೆ.

ಉತ್ತರ: ಸ್ಕ್ವಾಟ್ ಸುದ್ದಿ ಕೇಳಿ ತುಂಬಾ ಖುಷಿಯಾಯಿತು. ಬಿ12 ಹಸಿ ಗಿಡದ ಆಹಾರದಲ್ಲಿ ನಂಬಿಕೊಳ್ಳುವಷ್ಟು ಸಿಗುವುದೇ ಇಲ್ಲ, ಯಾವ ಸೊಪ್ಪು ತಿಂದರೂ ಅಷ್ಟೇ. ಆದರೆ ಲಿವರ್‌ನಲ್ಲಿ ಅದರ ದಾಸ್ತಾನು ವರ್ಷಗಟ್ಟಲೆ ಬರುತ್ತದೆ. ಎರಡೂವರೆ ತಿಂಗಳಲ್ಲಿ ಖಾಲಿಯಾಗುವಂಥದ್ದಲ್ಲ, ನಿಮ್ಮದು ಮೊದಲಿಂದಲೇ ಕಡಿಮೆ ಇದ್ದಿರಬೇಕು. ರಿಪೋರ್ಟ್ ಹಿಡಿದು ಡಾಕ್ಟರ್ ಹತ್ತಿರ ಹೋಗಿ, ಮಾತ್ರೆಯೋ ಇಂಜೆಕ್ಷನ್ನೋ ಅವರೇ ಹೇಳಲಿ. ಕಣ್ಣು ಕತ್ತಲೆ ಬಂದದ್ದನ್ನೂ ಹೇಳಿ, ಬಿಪಿ ಕೂತು ಒಮ್ಮೆ, ನಿಂತು ಒಮ್ಮೆ ನೋಡಲಿ. ಅಲ್ಲಿಯವರೆಗೆ ಡೆಡ್‌ಲಿಫ್ಟ್ ತೂಕ ಅರ್ಧಕ್ಕೆ ಇಳಿಸಿ, ಪ್ರತಿ ಸಲ ಎತ್ತುವಾಗ ಉಸಿರು ನಿಧಾನವಾಗಿ ಬಿಡಿ. ಬಾರ್ ಇಟ್ಟ ತಕ್ಷಣ ನಿಲ್ಲಬೇಡಿ, ಒಂದು ನಿಮಿಷ ಬೆಂಚಿನ ಮೇಲೆ ಕೂತುಬಿಡಿ.